ಪೀಸ್ ಪೀಸ್ ಆದ ಆಡಿಷನ್ ಪೀಸ್

ಮಗಳ ಪಿಟೀಲು ಆಡಿಷನ್ನಿಗೆ ನುಡಿಸುವ ಪೀಸ್ ಆರಿಸುವವನು ನಾನೇ, ಇದರಲ್ಲಿ ಎರಡು ಮಾತಿಲ್ಲ ಎಂದು ಒಂದು ಭಾನುವಾರ ಮನೆಯಲ್ಲಿ ಘೋಷಿಸಿಬಿಟ್ಟೆ! ಯುವ ಆರ್ಕೆಸ್ಟ್ರಾದಲ್ಲಿ ಪಿಟೀಲಿನ ಒಂದೇ ಒಂದು ಕುರ್ಚಿ ಖಾಲಿಯಿತ್ತು. ಅದಕ್ಕೆ ಹನ್ನೊಂದು ಮಕ್ಕಳ ಪೈಪೋಟಿ. ನನ್ನ ಮಗಳಂತೂ ಎರಡು ವರ್ಷದಿಂದ ಆ ಕುರ್ಚಿಯ ಜಪ ಮಾಡುತ್ತಿದ್ದಳು. ಅಂಥದ್ದರಲ್ಲಿ ಅವಳ ಮೇಷ್ಟ್ರು ಕೊಟ್ಟದ್ದೇನು? ಒಂದೇ ಹಾಳೆಯ, ನಿಧಾನಗತಿಯ ಪೀಸ್. ಹಾಳೆ ತುಂಬ ಬಿಳಿ, ಅಲ್ಲೊಂದು ಇಲ್ಲೊಂದು ಸ್ವರ.

"ಇದನ್ನ ನೋಡಿ ಯಾರು ಕುರ್ಚಿ ಕೊಡ್ತಾರೆ?" ಎಂದೆ.

"ಅವರು ನೋಡಲ್ಲ ರೀ, ಕೇಳ್ತಾರೆ," ಎಂದಳು ಹೆಂಡತಿ. "ನಿಮಗೆ ಸಂಗೀತದ ಗಂಧಗಾಳಿ ಇದೆಯಾ?"

"ಸಂಗೀತ ಗೊತ್ತಿಲ್ಲದಿದ್ರೇನು, ಸಂಗೀತದ ಪುಸ್ತಕ ಗೊತ್ತು! ಈ ಕೈಯಲ್ಲಿ ಎಷ್ಟು ಹೊಲಿದಿಲ್ಲ?"

ಹೌದು, ನಾನು ಬುಕ್ ಬೈಂಡರ್. ಇಪ್ಪತ್ತೆರಡು ವರ್ಷದ ಸೂಜಿ-ದಾರದ ತಪಸ್ಸು! ಹಾಳೆಯಲ್ಲಿ ಮಸಿ ಹೆಚ್ಚಿದ್ದಷ್ಟೂ ಘನತೆ ಹೆಚ್ಚು ಎಂಬುದು ನನ್ನ ಸಿದ್ಧಾಂತ. ಅಂಗಡಿಗೆ ಬಂದಿದ್ದ ಹಳೆಯ ಸ್ವರಪುಸ್ತಕಗಳನ್ನೆಲ್ಲ ಜಾಲಾಡಿ, ಇರುವೆ ಮುತ್ತಿದ ಹಾಗೆ ಕಪ್ಪಗಿದ್ದ ನಾಲ್ಕು ಹಾಳೆಯ ಪೀಸ್ ಒಂದನ್ನು ಹುಡುಕಿ, ನಕಲು ಮಾಡಿಸಿ ತಂದೆ. ನುಡಿಸುತ್ತಾ ಹಾಳೆ ತಿರುವುವ ಕಷ್ಟ ಮಗಳಿಗೆ ಬೇಡವೆಂದು ನಾಲ್ಕನ್ನೂ ಉದ್ದದ ರಟ್ಟಿಗೆ ಅಂಟಿಸಿದೆ. ಗೋಂದು ನನ್ನದೇ ತಯಾರಿ. ಒಮ್ಮೆ ಹಿಡಿದರೆ ಬಿಡುವ ಪೈಕಿಯಲ್ಲ!

ಮರುದಿನದಿಂದ ಸಂಜೆ ಅಂಗಡಿಯಿಂದ ಬಂದೊಡನೆ ಎದುರಿಗೆ ಕೂತು ಅಭ್ಯಾಸ ಮಾಡಿಸತೊಡಗಿದೆ. ಮಗಳು ಎರಡನೆಯ ಹಾಳೆಗೆ ಬಂದು ಪ್ರತಿದಿನವೂ ಎಡವುತ್ತಿದ್ದಳು.

"ಅಪ್ಪಾ, ಇಲ್ಲಿ ಏನೋ ತಪ್ಪಾಗಿದೆ."

"ತಪ್ಪು ನಿನ್ನ ಬೆರಳಲ್ಲಿದೆ, ನನ್ನ ಬೈಂಡಿಂಗಲ್ಲಿಲ್ಲ! ಮೊದಲಿಂದ ಬಾ!"

ಹತ್ತು ದಿನ ಹೀಗೇ ನಡೆಯಿತು. ನಾನು ಹಿಡಿದ ಪಟ್ಟು ಬಿಡಲಿಲ್ಲ. ಹನ್ನೊಂದನೆಯ ದಿನ ಹೆಂಡತಿ ಬಗ್ಗಿ, ಹಾಳೆಗಳ ಕೆಳಗಿನ ಅಂಕಿ ಓದಿದಳು.

"ಒಂದು, ಮೂರು, ಎರಡು, ನಾಲ್ಕು. ನಿಮ್ಮ ಶಾಲೇಲಿ ಹೀಗೇ ಕಲಿಸಿದ್ರಾ?"

ನನ್ನ ಮುಖ ಹುಳ್ಳಗಾಯಿತು. ಸರಿಪಡಿಸೋಣವೆಂದು ಹಾಳೆ ಎಳೆದೆ. ಗೋಂದು ಬಿಡಲಿಲ್ಲ, ಹಾಳೆ ಬಿಟ್ಟಿತು! ನೋಡನೋಡುತ್ತಿದ್ದಂತೆ ಮಗಳ ಪೀಸ್ ನಿಜವಾಗಿಯೂ ಪೀಸ್ ಪೀಸ್ ಆಯಿತು. ಆಡಿಷನ್ ನಾಳೆಯೇ! ಆದರೆ ಮಗಳು ತಣ್ಣಗೆ, "ಪರವಾಗಿಲ್ಲಪ್ಪ, ನನಗೆ ಬಾಯಿಪಾಠ ಆಗಿದೆ," ಎಂದಳು. ನನ್ನ ಎದೆ ಉಬ್ಬಿತು.

ಮರುದಿನ ಮಕ್ಕಳನ್ನೆಲ್ಲ ಒಳಗೆ ಕರೆದು, ನುಡಿಸುವ ಸರದಿಗೆ ಚೀಟಿ ಎತ್ತಿಸಿ, ಬಾಗಿಲು ಹಾಕಿಕೊಂಡರು. ಹೆತ್ತವರೆಲ್ಲ ಹೊರಗಿನ ಬೆಂಚಿನ ಮೇಲೆ. ಆರನೆಯ ಮಗು ಬಿರುಗಾಳಿಯಂತೆ ನುಡಿಸಿ, ನಡುವೆ ದಬಾರನೆ ಎಡವಿತು.

"ನಮ್ಮವಳೇ!" ಎಂದು ಕೂಗಿದೆ. ಪಕ್ಕದವರು ಜರುಗಿ ಕೂತರು.

ಒಂಬತ್ತನೆಯ ಮಗು ನುಡಿಸತೊಡಗಿದಾಗ ಬೆಂಚಿಗೆ ಬೆಂಚೇ ಮಾತು ನಿಲ್ಲಿಸಿತು. ಎಷ್ಟು ನಿಧಾನ, ಎಷ್ಟು ಇಂಪು! ಸುಳ್ಳೇಕೆ, ನನ್ನ ಕಣ್ಣು ಒದ್ದೆಯಾಯಿತು. ಮಗಳ ಎರಡು ವರ್ಷದ ಆಸೆಯನ್ನು ಕೈಯಾರೆ ಹಾಳುಮಾಡಿದೆನಲ್ಲ ಎಂದು ಸಂಕಟವೂ ಆಯಿತು.

"ನಮ್ಮವಳು ಸೋತಳು ಕಣೇ," ಎಂದೆ. "ಕುರ್ಚಿ ಈ ಮಗುವಿಗೇ. ಇದರ ಅಪ್ಪ ಯಾರೋ, ಆರಿಸಿದ್ರೆ ಹೀಗೆ ಆರಿಸಬೇಕು!"

ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ.

ಹನ್ನೊಂದೂ ಮಕ್ಕಳದ್ದು ಮುಗಿದ ಮೇಲೆ ಬಾಗಿಲು ತೆರೆಯಿತು. "ಕುರ್ಚಿ ಒಂಬತ್ತನೇ ಚೀಟಿಗೆ!" ಎಂದರು. ಆ ಚೀಟಿ ಹಿಡಿದು ಕುಣಿಯುತ್ತಾ ಬಂದವಳು ನನ್ನ ಮಗಳು!

"ಅದು ಮೇಷ್ಟ್ರು ಕೊಟ್ಟ ಪೀಸಾ? ಯಾವಾಗ ಕಲಿತೆ?"

"ನೀನು ಅಂಗಡಿಗೆ ಹೋದಾಗ."

"ಮತ್ತೆ ನಂದು? ಹತ್ತು ದಿನ ನುಡಿಸಿದ್ದು?"

"ಅದಾ? ಅಮ್ಮನೇ ನುಡಿಸು ಅಂದಿದ್ದು. ಅಪ್ಪನ ಮುಂದೆ ಹತ್ತು ದಿನ ತಡ್ಕೊಂಡವಳಿಗೆ ಆಮೇಲೆ ಯಾವ ಪರೀಕ್ಷಕರ ಭಯಾನೂ ಇರಲ್ಲ ಅಂತ!"