ಲಿಸ್ಬನ್ನಿನ ಬೇವಿನ ಗಿಡ

ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ. ಇದೇನು ಹೇಳಿಕೊಳ್ಳುವ ಮಾತೇ ಎಂದು ನಿಮಗೆ ಅನ್ನಿಸಬಹುದು. ನಮ್ಮ ಓಣಿಯಲ್ಲಿ ಅದು ಇಲ್ಲದವರೇ ಹೆಚ್ಚು, ಅವರೆಲ್ಲ ಸುಖವಾಗಿಯೇ ಇದ್ದಾರೆ. ಆದರೆ ಪಾಸ್‌ಪೋರ್ಟ್ ಇಲ್ಲದೆ ಲಿಸ್ಬನ್ನಿಗೆ ಹೋಗಿಬಂದವನೆಂದು ರಾಯಚೂರು, ಮಾನ್ವಿ, ದೇವದುರ್ಗ ಈ ಮೂರೂ ಕಡೆ ಹೆಸರು ಮಾಡಿದವನು ಮಾತ್ರ ನಾನೊಬ್ಬನೇ. ಸಮುದ್ರವನ್ನು ನಾನು ನೋಡಿರುವುದು ಒಂದೇ ಸಲ, ಕಾರವಾರದಲ್ಲಿ, ಶಾಲೆಯ ಪ್ರವಾಸದ ಜೊತೆ. ಅದನ್ನೂ ಹೆಚ್ಚು ಹೊತ್ತು ನೋಡಲಾಗಲಿಲ್ಲ. ದಾರಿಯಲ್ಲಿ ತಿಂದ ವಡೆ ನನ್ನನ್ನು ಬೇರೆ ಕಡೆಗೆ ಕರೆಯುತ್ತಿತ್ತು.

ತಪ್ಪು ನನ್ನದಲ್ಲ, ನಮ್ಮ ಭಾಷೆಯದು ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಾನಾಗ ಮಾನ್ವಿಯ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಯುರೋಪಿನವರು ಸಮುದ್ರದ ದಾರಿ ಹಿಡಿದು ನಮ್ಮ ಕಡೆ ಬಂದ ಪಾಠ ನಡೆದಿತ್ತು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಶಮೀಮಬಾನು ಎಂಬ ಹುಡುಗಿ ಕೂರುತ್ತಿದ್ದಳು. ತುಂಗಭದ್ರೆಯ ದಂಡೆಯ ಚೀಕಲಪರ್ವಿಯಿಂದ ದಿನಾ ಬರುವವಳು, ಪ್ರಶ್ನೆ ಕೇಳದೆ ಒಂದು ತಾಸು ಬಿಟ್ಟವಳಲ್ಲ. ಅವಳು ಎದ್ದು ನಿಂತು, "ಸರ, ನೀವು ಲಿಸ್ಬನ್ ನೋಡೀರೇನ್ರಿ?" ಎಂದಳು. ಆ ದಿನ ಬೆಳಿಗ್ಗೆಯಷ್ಟೇ ಹೆಡ್‌ಮಾಸ್ತರರ ಕಪಾಟಿನಿಂದ ದೊಡ್ಡ ಅಟ್ಲಾಸ್ ತೆಗೆಸಿ ಆ ಊರಿನ ಮೇಲೆ ಬೆರಳಿಟ್ಟು ನೋಡಿದ್ದೆ. "ನೋಡೀನವ್ವಾ" ಎಂದೆ. ನಮ್ಮ ಕಡೆಯ 'ನೋಡೀನಿ' ಬಹಳ ಉದಾರವಾದ ಶಬ್ದ. ಮಂತ್ರಿಯ ಕಾರು ಧೂಳೆಬ್ಬಿಸಿ ಹೋದದ್ದನ್ನು ಕಂಡವನೂ ಮಂತ್ರೀನ ನೋಡೀನಿ ಅನ್ನುತ್ತಾನೆ. ಅಟ್ಲಾಸಿನೊಳಗ ಎಂದು ಸೇರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಇಡೀ ಕ್ಲಾಸು ಕಣ್ಣು ಅಗಲ ಮಾಡಿಕೊಂಡು ನನ್ನನ್ನು ನೋಡುತ್ತಿತ್ತು. ಮಾಸ್ತರನಾದವನಿಗೆ ಅಂಥ ನೋಟ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ಬಾಯಿ ಮುಚ್ಚಿದೆ.

ಆಮೇಲೆ ಪಾಠ ತಾನೇ ನಡೆಯಿತು. ಲಿಸ್ಬನ್ ಗುಡ್ಡಗಳ ಮೇಲೆ ಕಟ್ಟಿದ ಊರು. ಆ ಗುಡ್ಡಗಳನ್ನೆಲ್ಲ ನಾನು ರಾಯಚೂರಿನ ಕೋಟೆ ಗುಡ್ಡದ ಅಳತೆಯಲ್ಲೇ ಎಬ್ಬಿಸಿದೆ. ಕೆಳಗಿನ ಹೊಳೆ ಸಮುದ್ರ ಸೇರುವ ಜಾಗಕ್ಕೆ ಮಳೆಗಾಲದ ಕೃಷ್ಣೆಯನ್ನು ತಂದು ಹರಿಸಿದೆ. ಮೇಲಿನ ಕೋಟೆ ಮೊದಲು ಮುಸಲ್ಮಾನ ಅರಸರ ಕೈಯಲ್ಲಿತ್ತು. ಕ್ರೈಸ್ತರ ರಾಜ ಬಂದು ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತು ಗೆದ್ದ. ಇದು ನಮ್ಮ ಮಕ್ಕಳಿಗೆ ಬೇಗ ತಿಳಿಯಿತು, ಏಕೆಂದರೆ ನಮ್ಮ ಕೋಟೆಯನ್ನೂ ಒಮ್ಮೆ ಇವರು, ಒಮ್ಮೆ ಅವರು ಎಂದು ಕಿತ್ತುಕೊಂಡವರಿಗೆ ಲೆಕ್ಕವಿಲ್ಲ. ವಿಜಯನಗರದವರು ಬಿಜಾಪುರದವರ ಮೇಲೆ ರಾಯಚೂರಿಗಾಗಿ ಬಿದ್ದಾಗ ಕೆಲವು ಪೋರ್ಚುಗೀಸ್ ಬಂದೂಕುಗಾರರೂ ಜೊತೆಗೆ ಬಂದಿದ್ದರು. "ಅವರು ನಮ್ಮ ಮನಿಗೆ ಬಂದು ಹೋಗ್ಯಾರ. ಹೊಳ್ಳಿ ನಾವೂ ಹೋಗಬೇಕಲ್ಲ, ಅದು ರಿವಾಜು" ಎಂದೆ. ಮಕ್ಕಳು ನಕ್ಕರು. ಕೊನೆಗೆ ಭೂಕಂಪದ ಮಾತು ಬಂತು. ಊರಿಗೆ ಊರೇ ಉರುಳಿದಾಗ ಉಳಿದವರು ಬಯಲು ಸಿಕ್ಕಿತಲ್ಲ ಎಂದು ಹೊಳೆಯ ದಂಡೆಗೆ ಓಡಿದರು, ಅಲ್ಲಿ ಸಮುದ್ರವೇ ಎದ್ದು ಬಂತು ಎಂದೆ. ಶಮೀಮ ಅತ್ತುಬಿಟ್ಟಳು. ಹೊಳೆಯ ನೀರು ಹೊಸ್ತಿಲಿಗೆ ಬಂದದ್ದನ್ನು ಕಂಡ ಊರಿನವಳು ಅವಳು. ಅವಳನ್ನು ಸಮಾಧಾನ ಮಾಡಲು ಮಾತು ಬದಲಿಸಬೇಕಿತ್ತು. "ಈಗೆಲ್ಲಾ ಛಲೋ ಅದವ್ವಾ. ಕಿಲ್ಲಾದ ಬಾಗಲಾಗ ಒಂದು ದೊಡ್ಡ ಬೇವಿನ ಗಿಡ ಅದ, ಭಾಳ ತಂಪು. ನಾನು ಅದರ ಕೆಳಗ ಕುಂತಿದ್ದೆ" ಎಂದೆ. ಬೇವಿನ ಗಿಡ ಎಲ್ಲಿಂದ ಬಂತೋ ಆ ಹೊತ್ತಿಗೆ ನನಗೂ ತಿಳಿಯಲಿಲ್ಲ.

ಅಂದಿನಿಂದ ನಾನು ಲಿಸ್ಬನ್ ಮಾಸ್ತರನಾದೆ. ದೇವದುರ್ಗದ ನನ್ನ ಹೆಂಡತಿಯ ತಮ್ಮ ಮಲ್ಲಿಕಾರ್ಜುನ, ಬಸ್ಸಿನಲ್ಲಿ ಪಕ್ಕ ಕೂತವರಿಗೂ, "ಇವರು ನಮ್ಮ ಮಾಮಾರು, ಫಾರಿನ್ ಕಂಡು ಬಂದೋರು" ಎಂದು ಪರಿಚಯ ಮಾಡಿಕೊಡುತ್ತಿದ್ದ. ನಾನು ಹೌದು ಅನ್ನುತ್ತಿರಲಿಲ್ಲ. ವಿನಯದಿಂದ ತಲೆ ತಗ್ಗಿಸುತ್ತಿದ್ದೆ, ಅದು ಹೌದು ಅನ್ನುವುದಕ್ಕಿಂತ ಗಟ್ಟಿಯಾಗಿ ಕೇಳಿಸುತ್ತಿತ್ತು. ನಿಜ ಗೊತ್ತಿದ್ದವಳು ನನ್ನ ಹೆಂಡತಿ ಗಿರಿಜಾ ಒಬ್ಬಳೇ. ಗಂಡನ ಮಾನ ಕಾಯಬೇಕೆಂದು ಅವಳು ಯಾರಿಗೂ ಹೇಳಲಿಲ್ಲ, ಆದರೆ ಬಿಟ್ಟಿ ಕಾಯಲಿಲ್ಲ. ಪುಂಡಿಪಲ್ಯೆಗೆ ಖಾರ ಕಡಿಮೆಯಾಯಿತು ಎಂದರೆ ಸಾಕು, "ಲಿಸ್ಬನ್ನಿನ್ಯಾಗ ಖಾರ ಭಾಳಿತ್ತೇನ್ರಿ?" ಎಂದು ಕೇಳುತ್ತಿದ್ದಳು.

ನಿವೃತ್ತಿಯಾಗಿ ರಾಯಚೂರಿಗೆ ಬಂದು ಮನೆ ಮಾಡಿದ ಮೇಲೆ, ಇನ್ನು ಲಿಸ್ಬನ್ನಿನ ಕಾಟ ತಪ್ಪಿತು ಅಂದುಕೊಂಡಿದ್ದೆ. ಶಮೀಮಳೂ ಮದುವೆಯಾಗಿ ಇದೇ ಊರಿಗೆ ಬಂದಿದ್ದಳು. ಗಂಡ ಹೆಂಡತಿ ಸೇರಿ ಬಜಾರಿನಲ್ಲಿ ಕಬ್ಬಿಣದ ಅಲಮಾರಿಗಳ ಅಂಗಡಿ ನಡೆಸುತ್ತಾರೆ. ಹಬ್ಬಕ್ಕೆ ಶೀರ್‌ಖುರ್ಮಾ ತಂದುಕೊಡುವುದನ್ನು ಒಂದು ವರ್ಷವೂ ಅವಳು ತಪ್ಪಿಸಿಲ್ಲ. ಹೋದ ವರ್ಷ ಹಬ್ಬವಿಲ್ಲದ ದಿನ ಬಂದಳು. ಮುಖದಲ್ಲಿ ಹಬ್ಬದಷ್ಟೇ ಸಂತೋಷವಿತ್ತು.

"ಸರ, ನಾನು ನಿಮ್ಮೂರಿಗೆ ಹೊಂಟೀನ್ರಿ" ಎಂದಳು.

"ಯಾವೂರವ್ವಾ, ಮಾನ್ವಿಗೇನು?"

"ಲಿಸ್ಬನ್ನಿಗ್ರಿ. ತಂಗಿ ಗಂಡ ಅಲ್ಲೇ ಕಿರಾಣಿ ಅಂಗಡ್ಯಾಗ ಕೆಲಸಕ್ಕಿದ್ದಾನ. ತಂಗಿಗೆ ದಿನಾ ತುಂಬ್ಯಾವ. ಅಮ್ಮಿಗೆ ಮೊಣಕಾಲು ನೋವು, ಬಾಣಂತನಕ್ಕ ನಾನೇ ಹೊಂಟೀನಿ. ನೀವು ಹೋಗಿ ಬಂದೋರು, ಥಂಡಿ ಹೆಂಗಿರ್ತದ ಹೇಳ್ರಿ."

ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ತಟ್ಟನೆ ನಿಂತಿತು. ಗಿರಿಜಾ ಕಿವಿ ಕೊಟ್ಟಿದ್ದಾಳೆ ಎಂದು ತಿಳಿಯಿತು. ಥಂಡಿ ಹಿತವಾಗಿರುತ್ತದೆ ಎಂದೆ. ಅದಕ್ಕಿಂತ ಸುರಕ್ಷಿತವಾದ ಉತ್ತರ ಹೊಳೆಯಲಿಲ್ಲ. ಗುಡ್ಡ ಹತ್ತಿ ಇಳಿಯುವುದು ಬಹಳ, ಗಟ್ಟಿ ಚಪ್ಪಲಿ ಇರಲಿ ಎಂದೆ. ಇದು ಪುಸ್ತಕದಲ್ಲಿ ಓದಿದ್ದು, ನಿಜ. ಭಾಷೆ ಬರದಿದ್ದರೂ ಹೆದರಬೇಡ, ನಮ್ಮ ಚಾವಿ, ಅಲಮಾರಿ, ಬಟಾಟಿ, ಪಗಾರ ಎಲ್ಲ ಅವರು ಬಿಟ್ಟು ಹೋದ ಮಾತುಗಳೇ ಎಂದೆ, ಇದೂ ನಿಜ. ಅಲಮಾರಿ ಎಂದ ಕೂಡಲೇ ಅವಳಿಗೆ ಅರ್ಧ ನೆಂಟಸ್ತನ ಬೆಳೆದಂತಾಯಿತು. ಅಜವಾನ, ಒಣಶುಂಠಿ, ಉಂಡೆಗೆ ಹಾಕುವ ಅಂಟು, ಶೇಂಗಾ ಚಟ್ನಿ ಎಂದು ಒಯ್ಯುವ ಸಾಮಾನು ಬೆರಳು ಮಡಚಿ ಹೇಳಿ, ಹೊರಡುವಾಗ ಹೊಸ್ತಿಲಲ್ಲಿ ನಿಂತಳು.

"ಮತ್ತ ಸರ, ಆ ಬೇವಿನ ಗಿಡದ ಕೆಳಗ ನಿಂತು ಒಂದು ಫೋಟೋ ತಕ್ಕೊಂಡು ಬರ್ತೀನ್ರಿ. ನಿಮಗ ತೋರ್ಸಾಕ."

ಅವಳು ಹೋದ ಮೇಲೆ ಗಿರಿಜಾ ಕೈ ಒರೆಸಿಕೊಳ್ಳುತ್ತ ಬಂದಳು. "ನಡೀರಿ, ಒಂದು ಬೇವಿನ ಸಸಿ ತಂದು ಆಕಿ ಪೆಟ್ಟಿಗ್ಯಾಗ ಇಟ್ಟು ಕಳಸೋಣು. ಹೋಗಿ ನೆಟ್ಟು ಫೋಟೋ ತಗೀತಾಳ" ಎಂದಳು.

ಅವಳು ಅಲ್ಲಿದ್ದ ಎರಡು ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ಲಿಸ್ಬನ್ನಿನಲ್ಲಿ ಬೇವು ಬೆಳೆಯುತ್ತದೆಯೇ ಎಂದು ಮೊಬೈಲಿನಲ್ಲಿ ಕೇಳಿದೆ. ಅದು ಬೇವಿನ ಎಣ್ಣೆ ಮಾರುವ ಅಂಗಡಿಗಳನ್ನು ತೋರಿಸಿತು. ಅಷ್ಟಾದರೂ ಇದೆಯಲ್ಲ ಎಂದು ಸ್ವಲ್ಪ ಹೊತ್ತು ಸಮಾಧಾನವಾಯಿತು. ಎಲ್ಲರೂ ನನ್ನನ್ನು ಸುಳ್ಳ ಅಂದರೆ ಸಹಿಸಿಕೊಂಡೇನು. ಭೂಕಂಪದ ಪಾಠ ಕೇಳಿ ಅತ್ತ ಹುಡುಗಿ, ಆ ಅಳುವೂ ಮೋಸಕ್ಕೆ ಹೋಯಿತು ಅಂದುಕೊಂಡರೆ ಏನು ಮಾಡುವುದು? ಇಷ್ಟು ವರ್ಷ ಕಲಿಸಿದ್ದರಲ್ಲಿ ಆ ಒಂದು ಪಾಠ ಯಾರಿಗಾದರೂ ತಾಗಿದೆ ಎಂಬ ನಂಬಿಕೆ ನನಗಿತ್ತು. ಅದನ್ನು ಕಳೆದುಕೊಳ್ಳುವ ಹೆದರಿಕೆ ದಿನದಿನಕ್ಕೆ ಹೆಚ್ಚಾಯಿತು. ಅವಳು ಬಂದ ದಿನವೇ ಎಲ್ಲ ಒಪ್ಪಿಕೊಂಡುಬಿಡಬೇಕು ಎಂದು ತೀರ್ಮಾನಿಸಿದೆ.

ಶಮೀಮ ಬಂದಳು. ತಂಗಿಗೆ ಹೆಣ್ಣು ಹುಟ್ಟಿತ್ತು. ಕೂತವಳೇ ಶುರುಮಾಡಿದಳು. "ಒಂದಿನ ಕೂಸಿನ ಬಟ್ಟಿ ಒಣಗಹಾಕಾಕ ಹೊರಗ ಬಂದೆ, ಹಿಂದ ಬಾಗಲಾ ತಾನೇ ಹಾಕ್ಕೊಂತು. ಚಾವಿ ಒಳಗ, ತಂಗಿ ಮಲಗ್ಯಾಳ. ಬಾಜೂ ಮನಿ ಮುದುಕಿ ಮುಂದ ಚಾವಿ, ಚಾವಿ ಅಂದೆ. ಆಕಿನೂ ಶಾವಿ, ಶಾವಿ ಅಂತ ತಲಿ ಆಡಿಸಿ ಮನಿ ಮಾಲೀಕನ್ನ ಕರದಳ್ರಿ. ಸರ ಹೇಳಿದ್ದು ಖರೇ ಆತಲ್ಲ ಅಂದೆ." ಆಮೇಲೆ ದನಿ ಇಳಿಯಿತು. "ಆ ಹೊಳಿ ದಂಡಿಗೂ ಹೋಗಿದ್ದೆ ಸರ. ಮಂದಿ ಓಡಿ ಬಂದು ನಿಂತಿದ್ರು ಅಂದಿದ್ರೆಲ್ಲ, ಅಲ್ಲಿ. ಈಗ ದೊಡ್ಡ ಮೈದಾನ, ಎಲ್ಲಾರೂ ಐಸ್‌ಕ್ರೀಮ್ ತಿನ್ನಾಕತ್ತಿದ್ರು. ನಂಗ ಒಬ್ಬಾಕಿಗೆ ಕಣ್ಣಾಗ ನೀರು ಬಂದ್ವು. ತಂಗಿ ಗಂಡ ಗಾಬರಿ ಆದ."

ಇನ್ನು ತಡೆಯಲಾಗಲಿಲ್ಲ. "ಯವ್ವಾ ಶಮೀಮ, ನಾನು ಆ ಊರು ನೋಡಿದ್ದು ಅಟ್ಲಾಸಿನೊಳಗ. ನಾನು ಎಲ್ಲಿಗೂ ಹೋಗಿಲ್ಲ" ಎಂದೆ.

ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು. "ಗೊತ್ತದರಿ ಸರ."

"ಯಾವಾಗಿಂದ?"

"ಆ ದಿನದಿಂದರಿ. ಬೇವಿನ ಗಿಡ ಅದ ಅನ್ನಾಗ ನೀವು ನನ್ನ ಬಾಜೂ ಕಿಡಕಿ ಕಡೆ ನೋಡಿದ್ರಿ. ಕಿಡಕಿ ಹೊರಗ ನಮ್ಮ ಸಾಲಿ ಅಂಗಳದ ಬೇವಿನ ಗಿಡ ಇತ್ತಲ್ರಿ."

ಅಡುಗೆಮನೆಯಲ್ಲಿ ಗಿರಿಜಾ ನಕ್ಕದ್ದು ಕೇಳಿಸಿತು. ನನಗೆ ನಗಲೂ ಆಗಲಿಲ್ಲ. "ಮತ್ತ ಗೊತ್ತಿದ್ದೂ ಫೋಟೋ ತರ್ತೀನಿ ಅಂದ್ಯಲ್ಲವ್ವಾ?" ಎಂದೆ.

"ನಾನು ಅಳಾಕತ್ತೀನಂತ ನೀವು ಆ ಗಿಡ ನೆಟ್ರಿ ಸರ. ನಾನು ಹೋಗಿ ನೋಡಬ್ಯಾಡೇನ್ರಿ? ಇದ್ರ ಇರಲಿ ಅಂತ ಹುಡುಕಿದೆ. ಬೇವು ಸಿಗಲಿಲ್ಲ, ಇದು ಸಿಕ್ತು" ಎಂದು ಮೊಬೈಲು ಮುಂದೆ ಹಿಡಿದಳು. ಕೋಟೆಯ ಗೋಡೆ, ಅದರ ಪಕ್ಕ ಬೂದುಬಣ್ಣದ ಎಲೆಯ ಒಂದು ಗಿಡ, ಕೆಳಗೆ ತಂಗಿಯ ಕೂಸನ್ನು ಎತ್ತಿಕೊಂಡು ನಿಂತ ಶಮೀಮ. ಆಲಿವ್ ಗಿಡವಂತೆ. ಬಹಳ ಹೊತ್ತು ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಫೋಟೋ ಮಸುಕಾಗಿ ಕಂಡದ್ದು ಕನ್ನಡಕದ ತಪ್ಪಾಗಿರಲಿಲ್ಲ. ನನಗೆ ಅವಳ ಮೇಲೆ ತುಂಬ ಪ್ರೀತಿ ಬಂತು. ಇನ್ನು ಮೇಲೆ ಈ ವಿಷಯದಲ್ಲಿ ಒಂದಕ್ಷರ ಸುಳ್ಳಾಡುವುದಿಲ್ಲ ಎಂದು ಅಲ್ಲೇ ಮನಸ್ಸಿನಲ್ಲಿ ಆಣೆ ಮಾಡಿದೆ.

ಆಣೆ ಮರುವಾರದ ತನಕ ಗಟ್ಟಿಯಾಗಿತ್ತು. ಮಗಳ ಮದುವೆಗೆ ಅಲಮಾರಿ ಬೇಕೆಂದು ಮಲ್ಲಿಕಾರ್ಜುನ ದೇವದುರ್ಗದಿಂದ ಬಂದ. ಶಮೀಮಳ ಅಂಗಡಿಗೆ ಕರೆದುಕೊಂಡು ಹೋದೆ. ಅವಳು ಅವನಿಗೂ ಆ ಫೋಟೋ ತೋರಿಸಿದಳು.

"ಇದೇನಮ್ಮಾ ನಮ್ಮ ಮಾಮಾರು ಕುಂತಿದ್ದ ಗಿಡ?" ಎಂದು ಅವನು ಕೇಳಿದ.

ಶಮೀಮ ನನ್ನ ಮುಖ ನೋಡಲಿಲ್ಲ. "ಹೌದ್ರಿ, ಇದೇ. ಕಿಲ್ಲಾದ ಬಾಗಲಾ ದಾಟಿದ ಕೂಡ್ಲೇ ಎಡಕ್ಕ ಅದ" ಎಂದಳು.

ನನ್ನ ಮಾನ ಉಳಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಎಷ್ಟಾದರೂ ನಾನು ಮಾಸ್ತರ, ಕಣ್ಣೆದುರಿಗೆ ತಪ್ಪು ಉತ್ತರ ಬಂದರೆ ನನ್ನಿಂದ ಸುಮ್ಮನಿರಲು ಆಗುವುದಿಲ್ಲ.

"ಎಡಕ್ಕಲ್ಲವ್ವಾ," ಎಂದೆ, "ಬಲಕ್ಕ."