ಸ್ಪೀಕರ್ ಸದ್ದು ಹಿಡಿಯಲು ಹೋಗಿ

ಎರಡು ಸಾವಿರದ ಆಸುಪಾಸಿನ ವರ್ಷಗಳಲ್ಲಿ ಪದ್ಮನಾಭನಗರದ ಬಸ್ ಸ್ಟಾಪ್ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ವಾರಕ್ಕೊಬ್ಬರಾದರೂ ಒಂದೇ ಪ್ರಶ್ನೆ ಹೊತ್ತು ಬರುತ್ತಿದ್ದರು: "ಕಂಪ್ಯೂಟರ್‌ನಲ್ಲಿ ಕೇಳಿಸೋದನ್ನ ಹಂಗೇ ರೆಕಾರ್ಡ್ ಮಾಡ್ಕೊಳ್ಳೋದು ಹೆಂಗೆ ಸಾರ್?" ಉತ್ತರ ಸುಲಭ. ಸೌಂಡ್ ಸೆಟ್ಟಿಂಗ್ ತೆರೆದು, ರೆಕಾರ್ಡಿಂಗ್ ಪಟ್ಟಿಯಲ್ಲಿ ಮೈಕ್ ಬದಲು 'ಸ್ಟೀರಿಯೋ ಮಿಕ್ಸ್' ಅಂತ ಇರುವುದಕ್ಕೆ ಟಿಕ್ ಹಾಕಿದರೆ ಸ್ಪೀಕರ್‌ಗೆ ಹೋಗುವ ಸದ್ದೇ ನೇರವಾಗಿ ಫೈಲಿಗೂ ಹೋಗುತ್ತದೆ. ಇಷ್ಟೇ. ಈ ಒಂದು ಟಿಕ್‌ನಿಂದ ನನ್ನ ಎದೆ ಧಸಕ್ಕೆಂದದ್ದು ಎಷ್ಟು ಸಲವೋ.

ತಣ್ಣಗಿನ ಒಂದು ಗಂಟೆ

ಜಯನಗರದ ಒಬ್ಬ ಆಂಟಿ ಇಂಟರ್‌ನೆಟ್‌ನಲ್ಲಿ ಸಂಗೀತ ಕಛೇರಿ ಕೇಳುತ್ತಿದ್ದರು. ಮೌಸ್ ಕೆಟ್ಟಿದೆ ಅಂತ ಕರೆದಿದ್ದರು. ಹೋಗಿ ನೋಡಿದರೆ ಸ್ಪೀಕರ್ ಮುಂದೆ ಹಳೇ ಟೇಪ್ ರೆಕಾರ್ಡರ್ ಇಟ್ಟು ಕಛೇರಿ ರೆಕಾರ್ಡ್ ಮಾಡುತ್ತಿದ್ದಾರೆ. ಫ್ಯಾನ್ ಬಂದ್, ಕುಕ್ಕರ್ ಬಂದ್. ಗಂಡ, ಅತ್ತೆ, ಇಬ್ಬರು ಮಕ್ಕಳು ಸೋಫಾದ ಮೇಲೆ ಬಾಯಿಗೆ ಬೆರಳಿಟ್ಟುಕೊಂಡು ಬೆವರುತ್ತಾ ಕೂತಿದ್ದಾರೆ. ನನಗೂ ಕೈಸನ್ನೆಯಲ್ಲೇ ಕುರ್ಚಿ ತೋರಿಸಿದರು. ಯಾರೋ ತೀರಿಕೊಂಡ ಮನೆಗೆ ಹೋಗುವವನ ಹಾಗೆ ಚಪ್ಪಲಿ ಸದ್ದಾಗದ ಹಾಗೆ ಬಿಟ್ಟು ಒಳಗೆ ಹೋದೆ.

ಕಛೇರಿ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ಹೇಳಿದೆ. "ಇಷ್ಟು ಕಷ್ಟ ಯಾಕೆ ಆಂಟಿ? ಕಂಪ್ಯೂಟರೇ ರೆಕಾರ್ಡ್ ಮಾಡ್ಕೊಳ್ಳುತ್ತೆ. ಹೊರಗಡೆ ಸದ್ದು ಒಂಚೂರೂ ಬರಲ್ಲ. ಈಗ್ಲೇ ತೋರಿಸ್ತೀನಿ."

ಆಂಟಿ ಗಾಬರಿಯಿಂದ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮೆತ್ತಗೆ ಮಾತಾಡಪ್ಪ. ಅವರ್ಯಾರಿಗೂ ಹೇಳ್ಬೇಡ. ಇಡೀ ದಿನದಲ್ಲಿ ನಮ್ಮನೆ ತಣ್ಣಗಿರೋದು ಇದೊಂದು ಗಂಟೆ."

ಮಧ್ಯೆ ಬಂದ ಹೆಂಗಸು

ಬನಶಂಕರಿಯ ಒಬ್ಬ ಅಂಕಲ್ ರಿಟೈರ್ ಆದ ಮೇಲೆ ಇಂಟರ್‌ನೆಟ್‌ನಲ್ಲಿ ಪ್ರವಚನ ಕೇಳುವುದನ್ನು ಕಲಿತರು. ಟಿಕ್ ಎಲ್ಲಿ ಹಾಕಬೇಕು ಅಂತ ನಾನೇ ತೋರಿಸಿಕೊಟ್ಟಿದ್ದೆ. ಒಂದು ದಿನ ರೆಕಾರ್ಡ್ ಮಾಡಿದ ಸಿಡಿ ಹಿಡಿದು ಅಂಗಡಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು.

"ಒಂದು ವಿಷಯ, ನಿಮ್ಮ ಹತ್ರ ಮಾತ್ರ ಹೇಳ್ತಿದೀನಿ. ಮಧ್ಯೆ ಒಬ್ಬಳು ಹೆಂಗಸು ಬರ್ತಾಳೆ."

"ಎಲ್ಲಿ ಅಂಕಲ್?"

"ಪ್ರವಚನದಲ್ಲಿ."

ಸಿಡಿ ಹಾಕಿದೆ. ಸ್ವಾಮಿಗಳು ನಿಧಾನವಾಗಿ ಹೇಳುತ್ತಿದ್ದರು: ಮನಸ್ಸು ನಿಂತಾಗ ಅಂತರಂಗದಿಂದ ಒಂದು ಧ್ವನಿ ಕೇಳಿಸುತ್ತದೆ. ಒಂದು ಕ್ಷಣ ಮೌನ. ಆಮೇಲೆ ಸ್ಪಷ್ಟವಾದ ಹೆಣ್ಣು ದನಿ: "ವೈರಸ್ ಡೇಟಾಬೇಸ್ ಹ್ಯಾಸ್ ಬೀನ್ ಅಪ್‌ಡೇಟೆಡ್."

ನನಗೇ ಮೈ ಜುಂ ಅಂತು. ಆಮೇಲೆ ಹೊಳೆಯಿತು. ಅವರ ಕಂಪ್ಯೂಟರ್‌ಗೆ ನಾನೇ ಹಾಕಿದ್ದ ಆ್ಯಂಟಿವೈರಸ್ ದಿನಕ್ಕೊಂದು ಸಲ ಹಾಗೆ ಮಾತಾಡುತ್ತಿತ್ತು. ಕಂಪ್ಯೂಟರ್‌ನ ಯಾವ ಸದ್ದನ್ನೂ ಈ ಟಿಕ್ ಬಿಡುವುದಿಲ್ಲ, ಅದನ್ನೂ ಹಿಡಿದಿದೆ ಅಂತ ವಿವರಿಸಿದೆ. ಅಂಕಲ್‌ಗೆ ಸಮಾಧಾನವಾಗುವ ಬದಲು ಬೆವರು ಕಿತ್ತುಕೊಂಡು ಬಂತು. ಪಾರ್ಕಿನಲ್ಲಿ ಜೊತೆಗೆ ವಾಕಿಂಗ್ ಮಾಡುವವರಿಗೆಲ್ಲ ಆಗಲೇ ಸಿಡಿ ಹಂಚಿಬಿಟ್ಟಿದ್ದರಂತೆ.

ಹದಿನೈದು ದಿನ ಬಿಟ್ಟು ಸಿಕ್ಕರು. "ಯಾರಾದ್ರೂ ಆ ಹೆಂಗಸಿನ ವಿಷಯ ಕೇಳಿದ್ರಾ ಅಂಕಲ್?" ಅಂದೆ.

"ಇಲ್ಲಪ್ಪ. ಎಲ್ಲರೂ ಪ್ರವಚನ ಬಹಳ ಚೆನ್ನಾಗಿತ್ತು ಅಂದ್ರು. ಅಂದ್ರೆ ಸಿಡಿ ಒಬ್ಬರೂ ಕೇಳಿಲ್ಲ."

ಒಬ್ಬಾಕಿಯ ಮಾತು

ಬಿಟಿಎಂ ಲೇಔಟ್‌ನಲ್ಲಿ ರೂಮ್ ಮಾಡಿಕೊಂಡಿದ್ದ ಗದಗ ಕಡೆಯ ಹುಡುಗನಿಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹುಡುಗಿ ಇದ್ದದ್ದು ಪುಣೆಯಲ್ಲಿ, ಇಬ್ಬರೂ ಕಂಪ್ಯೂಟರ್‌ನಲ್ಲೇ ಮಾತಾಡುತ್ತಿದ್ದರು. ಅವನ ತಾಯಿಗೆ ಹುಡುಗಿಯ ಮಾತು ಕೇಳುವ ಆಸೆ. ಹುಡುಗಿಯೂ ಒಪ್ಪಿದಳು. ನನ್ನನ್ನು ಕೇಳಿ ಟಿಕ್ ಹಾಕಿಕೊಂಡು, ಅರ್ಧ ಗಂಟೆಯ ಮಾತನ್ನು ರೆಕಾರ್ಡ್ ಮಾಡಿ, ಸಿಡಿ ತಗೊಂಡು ಊರಿಗೆ ಹೋದ. ಅಲ್ಲಿ ಮನೆಯವರೆಲ್ಲ ಸುತ್ತ ಕೂತು ಕೇಳಿದ್ದಾರೆ. ವಾಪಸ್ ಬಂದವನು ಸೀದಾ ನನ್ನ ಅಂಗಡಿಗೆ ಬಂದ.

"ಸರ, ಅಕಿ ಮಾತಷ್ಟ ಬಂದೈತ್ರಿ. ನಂದು ಒಂದೂ ಇಲ್ಲ."

ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅವಳ ಮಾತು ಸ್ಪೀಕರ್‌ಗೆ ಬರುತ್ತದೆ, ಇವನ ಮಾತು ಮೈಕಿನಿಂದ ಆ ಕಡೆಗೆ ಹೋಗುತ್ತದೆ. ನಾನು ಹೇಳಿದ ಟಿಕ್ ಹಿಡಿಯುವುದು ಸ್ಪೀಕರ್‌ಗೆ ಬಂದದ್ದನ್ನು ಮಾತ್ರ.

"ಅಯ್ಯೋ, ತಪ್ಪು ನಂದೇ. ನಿಮ್ಮ ತಾಯಿ ಏನಂದ್ರು?"

ಹುಡುಗ ನೆಲ ನೋಡಿದ. "ಲಗ್ನಕ್ಕ ಮೊದಲ ನಿನ್ನ ಬಾಯಿ ಮುಚ್ಚಿಸ್ಯಾಳ, ಹುಡುಗಿ ಗಟ್ಟಿ ಅದಾಳ, ಇಕೀನ ಇರ್ಲಿ ಅಂದ್ಳ್ರಿ."

ನನ್ನ ಸರದಿ

ಇಷ್ಟು ಜನಕ್ಕೆ ಹೇಳಿಕೊಟ್ಟವನು ನಾನು. ಒಂದು ಶಾಲೆಯ ಡ್ಯಾನ್ಸ್ ಮೇಡಂ, ವಾರ್ಷಿಕೋತ್ಸವದ ನೃತ್ಯಕ್ಕೆ ಬೇಕಾದ ಸಂಗೀತ ತಮ್ಮ ಮನೆ ಕಂಪ್ಯೂಟರ್‌ನಲ್ಲಿ ಬಿಟ್ಟು ಬೇರೆಲ್ಲೂ ಹಾಡುತ್ತಿಲ್ಲ, ಸಿಡಿ ಮಾಡಿಕೊಡಿ ಅಂತ ಕರೆದರು. ಹೋಗಿ ಟಿಕ್ ಹಾಕಿದೆ, ಆದರೆ ಸೌಂಡ್ ಸರಿಯಾಗಿ ಬರುತ್ತಿರಲಿಲ್ಲ. ಸೌಂಡ್ ಡ್ರೈವರ್ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿ ರೆಕಾರ್ಡಿಂಗ್ ಶುರು ಮಾಡಿದೆ. ಹೊಸ ಡ್ರೈವರ್ ಟಿಕ್ಕನ್ನು ಮತ್ತೆ ಮೈಕಿಗೇ ತಿರುಗಿಸಿತ್ತು. ನಾನು ನೋಡಲಿಲ್ಲ. ಮುಗಿದ ಮೇಲೆ ಮೊದಲ ಅರ್ಧ ನಿಮಿಷ ಕೇಳಿಸಿ, "ಸಖತ್ತಾಗಿ ಬಂದಿದೆ ಮೇಡಂ" ಅಂದು ಸಿಡಿ ಕೊಟ್ಟು ಬಂದೆ.

ಕಾರ್ಯಕ್ರಮಕ್ಕೆ ನನ್ನನ್ನೂ ಹೆಂಡತಿಯನ್ನೂ ಕರೆದಿದ್ದರು. ಎರಡನೇ ಸಾಲಿನಲ್ಲಿ ಕೂತಿದ್ದೆವು. ನಮ್ಮ ಮುಂದೆಯೇ ಮೇಡಂ ಮತ್ತು ಅವರ ಅತ್ತೆ. ವೇದಿಕೆ ಮೇಲೆ ಹತ್ತು ಪುಟ್ಟ ಹುಡುಗಿಯರು ಕೈ ಮುಗಿದು ನಿಂತರು. ವೀಣೆ ಶುರುವಾಯಿತು. ಎರಡು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ವೀಣೆಯ ಮೇಲೆ ಒಂದು ಗಂಡು ದನಿ ಇಡೀ ಹಾಲ್ ತುಂಬಿತು.

"ಹಲೋ, ಹೇಳೇ. ಇಲ್ಲಿ ಡ್ಯಾನ್ಸ್ ಮೇಡಂ ಮನೇಲಿದೀನಿ. ತಿಂಡಿನಾ? ಅವರ ಅತ್ತೆ ಉಪ್ಪಿಟ್ಟು ಕೊಟ್ರು. ಸಿಮೆಂಟ್ ಕಣೇ. ಇಲ್ಲಪ್ಪ, ತಿನ್ನಲಿಲ್ಲ. ಯಾರೂ ಇರ್ಲಿಲ್ಲ, ಯುಪಿಎಸ್ ಹಿಂದೆ ಹಾಕ್ಬಿಟ್ಟೆ."

ನನ್ನದೇ ದನಿ, ರೆಕಾರ್ಡಿಂಗ್ ನಡೆಯುವಾಗ ಬಂದ ಹೆಂಡತಿಯ ಫೋನಿಗೆ ಕೊಟ್ಟ ಉತ್ತರ. ಪಕ್ಕದಲ್ಲಿ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಕ್ಕಳು ಮಾತ್ರ ಒಂದು ಹೆಜ್ಜೆ ತಪ್ಪದೆ ಕುಣಿಯುತ್ತಿದ್ದರು.

ಮುಂದಿನ ಸಾಲಿನಲ್ಲಿದ್ದ ಮೇಡಂ ಅವರ ಅತ್ತೆ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಬೈಗುಳಕ್ಕೆ ತಯಾರಾಗಿ ಎದ್ದು ನಿಂತೆ. ಅವರು ಕನ್ನಡಕ ಸರಿ ಮಾಡಿಕೊಂಡು, ಬಹಳ ಶಾಂತವಾಗಿ ಹೇಳಿದರು:

"ಆ ಯುಪಿಎಸ್ ಹತ್ರ ನಾಲ್ಕು ದಿನದಿಂದ ಇರುವೆ ಸಾಲು ಹೋಗ್ತಿತ್ತು. ಅದರ ಹಿಂದೆ ಹೋದವು ಒಂದೂ ವಾಪಸ್ ಬರ್ಲಿಲ್ಲ. ಈಗ ಗೊತ್ತಾಯ್ತು, ಆ ಉಪ್ಪಿಟ್ಟು ತಿಂದಿವೆ."