ಮಾವನ ಪೈಪು, ನನ್ನ ಬಸ್ಸಾರು

ನಮ್ಮ ಮನೆಯ ನೀರಿನ ಪೈಪುಗಳು ನನ್ನ ಗಂಡನಿಗಿಂತ ಆರು ವರ್ಷ ದೊಡ್ಡವು. ಹೇಳಿದ ಕೆಲಸವನ್ನು ತೊಟ್ಟು ತೊಟ್ಟಾಗಿ ಮಾಡುವುದರಲ್ಲಿ ಮಾತ್ರ ಇಬ್ಬರೂ ಸರಿಸಮ. (ಲೋಕೇಶ್ ಇದನ್ನು ಓದುವುದಿಲ್ಲ. ಧೈರ್ಯವಾಗಿ ಬರೆಯುತ್ತಿದ್ದೇನೆ.)

ಪಾಂಡವಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಕಿಕ್ಕೇರಿಯ ಈ ಮನೆಗೆ ನಾನು ಸೊಸೆಯಾಗಿ ಬಂದು ಒಂದೂವರೆ ವರ್ಷವಾಯಿತು. ರಸಾಯನಶಾಸ್ತ್ರದಲ್ಲಿ ಎಂಬತ್ತೊಂದು ಅಂಕ ಬಂದಿತ್ತು. ಆದರೆ ಇಲ್ಲಿ ನನ್ನ ಮರ್ಯಾದೆ ನಿಂತಿದ್ದು ಅಂಕದ ಮೇಲಲ್ಲ, ಹುರುಳಿಕಾಳಿನ ಬಸ್ಸಾರಿನ ಮೇಲೆ. ಬಂದ ಮೂರನೇ ತಿಂಗಳಲ್ಲಿ ಮಾವನ ಅಕ್ಕ, ಬೂಕನಕೆರೆಯ ಮಂಚಮ್ಮ, ನನ್ನ ಬಸ್ಸಾರಿಗೆ ಮುದ್ದೆ ಅದ್ದಿ ಬಾಯಿಗಿಟ್ಟು ಸವಿಯುತ್ತ ಕಣ್ಣು ಮುಚ್ಚಿದ್ದರು. ಸಾರು ಮೋಡ ಕವಿದ ಸಂಜೆಯ ಹಾಗೆ ಕಪ್ಪಗಿತ್ತು.

"ಸಾರು ಅಂದ್ರೆ ಇಂಗಿರ್ಬೇಕು ಕಣೆ ತಾಯವ್ವ! ನಲವತ್ತು ವರ್ಷ ಮಾಡಿದ್ರೂ ನಿನಗೆ ಈ ಬಣ್ಣ ಬರ್ನಿಲ್ಲ" ಎಂದು ನನ್ನ ಅತ್ತೆ ದೊಡ್ಡತಾಯಮ್ಮನಿಗೆ ಹೇಳಿಬಿಟ್ಟರು.

ಅತ್ತೆ ಗೋಡೆಯ ಮೊಳೆಯಿಂದ ಸಾರಿನ ಸೌಟು ತೆಗೆದು ನನ್ನ ಕೈಗಿಟ್ಟರು. ಈ ಮನೆಯಲ್ಲಿ ಅದೇ ಪಟ್ಟಾಭಿಷೇಕ. ಸೌಟು ಯಾರ ಕೈಯಲ್ಲೋ ಅಡುಗೆಮನೆಯ ಸಾಮ್ರಾಜ್ಯ ಅವರದು.

ಅತ್ತೆ ಅಡುಗೆಗೆ ಹಿತ್ತಲಿನ ಬೋರಿಂಗಿನಿಂದ ನೀರು ಹೊತ್ತು ತರುತ್ತಿದ್ದರು. ಒಳಗಿನ ನಲ್ಲಿ ಕಂಡರೆ ಅವರಿಗಾಗದು. "ಕಬ್ಣದ ವಾಸ್ನೆ ಒಡಿತದೆ" ಎನ್ನುತ್ತಿದ್ದರು. ನಾನು ಓದಿದವಳು, ಒಲೆಯ ಪಕ್ಕದಲ್ಲೇ ನಲ್ಲಿ ಇಟ್ಟುಕೊಂಡು ಬಿಂದಿಗೆ ಹೊರುವವಳಲ್ಲ. ನನ್ನ ಅಡುಗೆಯೆಲ್ಲ ನಲ್ಲಿ ನೀರಿನಲ್ಲೇ. (ಈ ಸಣ್ಣ ಸಂಗತಿಯನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತೆ.)

ಯುಗಾದಿ ಕಳೆದ ಮೇಲೆ ಆ ನಲ್ಲಿ ಕೆಮ್ಮತೊಡಗಿತು. ಲೋಕೇಶ್ ಡೇರಿಯ ಸಭೆಗೆಂದು ಇಟ್ಟಿದ್ದ ಬಿಳಿ ಅಂಗಿಯನ್ನು ಒಗೆದು ಹರವಿದರೆ ಅದು ಚಿರತೆಯ ಚರ್ಮವಾಗಿತ್ತು. ಹಳೆಯ ಪೈಪು ಕಿತ್ತು ಹೊಸದು ಹಾಕಿಸಲೇಬೇಕೆಂದು ನಾನು ದಂಡಯಾತ್ರೆ ಹೊರಟೆ.

ಎದುರಾಳಿ ನನ್ನ ಮಾವ ಪುಟ್ಟಸ್ವಾಮಿ. ತಮ್ಮ ಮದುವೆಯ ವರ್ಷ ತಾವೇ ನಿಂತು ಹಾಕಿಸಿದ ಪೈಪು ಅದು. ಎಲ್ಲಿ ಸೋರಿದರೂ ಅವರ ಬಳಿ ಒಂದೇ ಮದ್ದು: ಆಲೆಮನೆಯ ಬೆಲ್ಲಕ್ಕೆ ಸುಣ್ಣ ಕಲಸಿ ಮೆತ್ತಿ, ಮೇಲೆ ಸೈಕಲ್ ಟ್ಯೂಬು ಸುತ್ತುವುದು. ಇರುವೆಗಳು ಬಂದು ಬೆಲ್ಲ ತಿನ್ನುತ್ತಿದ್ದವು, ಸುಣ್ಣ ಉದುರುತ್ತಿತ್ತು, ಮಾವ ಮತ್ತೆ ಮೆತ್ತುತ್ತಿದ್ದರು. ಪೈಪು ಸವೆಯಿತು, ಇರುವೆಗಳು ದಷ್ಟಪುಷ್ಟವಾದವು.

"ಮಾವ, ಒಳಗೆಲ್ಲ ತುಕ್ಕು ಕಟ್ಟಿರುತ್ತೆ. ಒಂದಿನ ಗೋಡೆಯೊಳಗೇ ಒಡೆಯುತ್ತೆ" ಎಂದೆ.

"ಏ ಬುಡವ್ವ, ಇದು ಗಟ್ಟಿ ಕಬ್ಣ. ನಿನ್ ಮೊಮ್ಮಕ್ಕಳ ಮದ್ವೆಗೂ ಇದ್ರಾಗೇ ನೀರು ಬತ್ತದೆ."

"ಈಗ ಬುಟ್ರೆ ಆವೊತ್ಗೆ ಬತ್ತದೆ ಬುಡಿ" ಎಂದರು ಅತ್ತೆ. "ಒಂದು ಚೊಂಬು ತುಂಬಕ್ಕೆ ಒಂದು ಸೀರಿಯಲ್ಲು ಮುಗಿತದೆ."

ಕೊನೆಗೆ ನಾನು ವಿಜ್ಞಾನದ ಬ್ರಹ್ಮಾಸ್ತ್ರ ತೆಗೆದೆ. ಎರಡು ಗಾಜಿನ ಲೋಟ, ಒಂದರಲ್ಲಿ ಬೋರಿಂಗಿನ ನೀರು, ಇನ್ನೊಂದರಲ್ಲಿ ನಲ್ಲಿ ನೀರು. ಎರಡಕ್ಕೂ ಹಾಲಿಲ್ಲದ ಟೀ ಡಿಕಾಕ್ಷನ್ ಸುರಿದೆ. ಮೊದಲನೆಯದು ಜೇನಿನಂತೆ ಕೆಂಪಗೆ ನಿಂತಿತು. ಎರಡನೆಯದು ಇದ್ದಿಲು ಕದಡಿದಂತೆ ಕಪ್ಪಾಯಿತು.

"ನೋಡಿ, ತುಕ್ಕಿನ ಕೆಲಸ! ಒಗರಿರೋ ಏನು ಹಾಕಿದರೂ ಹೀಗೇ ಕಪ್ಪಾಗುತ್ತೆ" ಎಂದು ಘೋಷಿಸಿದೆ.

ಮಾವ ಆ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಬ್ಯಾಡ ಕಣವ್ವ, ಪೈಪು ಇರ್ಲಿ" ಎಂದಷ್ಟೇ ಹೇಳಿ ಎದ್ದುಹೋದರು. ಹಠಮಾರಿ, ಎಂದುಕೊಂಡೆ.

ಮೂರನೇ ದಿನ ಲೋಕೇಶ್ ಮೋಟಾರು ಹಾಕಿದ್ದೇ ತಡ, ನಡುಮನೆಯ ಗೋಡೆ ಒಮ್ಮೆ ಬಿಕ್ಕಿ, ಗಾರೆ ಸಮೇತ ಬಾಯಿಬಿಟ್ಟಿತು. ಅದೇ ಗೋಡೆಗೊರಗಿ ಕೂತಿದ್ದ ಮಾವನಿಗೆ ಕೆಂಪು ನೀರಿನ ಮಹಾಭಿಷೇಕ.

"ಲೇ ಲೋಕಿ, ಮೋಟ್ರು ಆರ್ಸ್ಲಾ! ಬೆಲ್ಲ ತಕ್ಕಬಾರ್ಲಾ!"

"ಎಷ್ಟಪ್ಪ?"

"ಅಚ್ಚೇ ತಕ್ಕಬಾರ್ಲಾ!"

ಬೆಲ್ಲದಿಂದ ಆಗಲಿಲ್ಲ. ನಲ್ಲಿ ಕೆಲಸದ ದಾಸಯ್ಯ ಬಂದು ಪೈಪು ಕೊಯ್ದು ಅದರೊಳಗೆ ಕಣ್ಣಿಟ್ಟು ನೋಡಿದ. "ಇದ್ರಾಗೆ ನೀರು ಎಂಗೆ ಬತ್ತಿತ್ತಣ್ಣ? ಇರುವೆನೂ ಮೈ ಓರೆ ಮಾಡ್ಕಂಡು ಓಗ್ಬೇಕು."

ಹೊಸ ಪೈಪು ಬಂತು. ನಲ್ಲಿ ತಿರುಗಿಸಿದರೆ ಕೆ.ಆರ್.ಎಸ್. ಗೇಟು ತೆಗೆದಂತೆ ನೀರು. ಬೆಳಗಿನ ಬಿಸಿಲು ಆ ಧಾರೆಯನ್ನು ಹಾದು ನೆಲದ ಮೇಲೆ ನಡುಗುವುದನ್ನು ನಾನು ಸುಮ್ಮನೆ ನಿಂತು ನೋಡುತ್ತಿದ್ದೆ. ಹಳೆಯ ಪೈಪಿನ ಅಪಾಯಗಳ ಬಗ್ಗೆ ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಉಪನ್ಯಾಸವನ್ನೂ ಕೊಟ್ಟೆ.

ಗೌರಿಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ತವರಿಗೆ ಬಂದ ಮಂಚಮ್ಮ, ನನ್ನ ಬಸ್ಸಾರಿಗೋಸ್ಕರವೇ ಎರಡು ದಿನ ಹೆಚ್ಚಿಗೆ ಉಳಿದರು. ಅದೇ ಹುರುಳಿ, ಅದೇ ಖಾರ, ಅದೇ ಕೈ. ಸಾರು ಮಾತ್ರ ಕಪ್ಪಾಗಲೊಲ್ಲದು. ಇನ್ನೊಂದು ಕುದಿ ಕೊಟ್ಟೆ, ಮೆಣಸಿನಕಾಯಿ ಸೀಯಿಸಿ ರುಬ್ಬಿದೆ. ಮಳೆ ಸುರಿಸಿ ಹೋದ ಮೋಡದ ಹಾಗೆ ಅದು ಬಿಳಿಚಿಕೊಂಡೇ ಇತ್ತು.

ಮಂಚಮ್ಮ ಮುದ್ದೆ ಅದ್ದಿದರು. ಕಣ್ಣು ಮುಚ್ಚಲಿಲ್ಲ. "ಇದ್ಯಾಕವ್ವ ಶ್ವೇತ, ಸಾರು ಬಾಣ್ತಿ ಮಕ ಇದ್ದಂಗೈತೆ? ಮಾಡಿದ ಕೈ ಬದ್ಲಾಯ್ತಾ?"

"ಕೈ ಅಲ್ಲ ಕಣಕ್ಕ, ಪೈಪು ಬದ್ಲಾಯ್ತು" ಎಂದರು ಮಾವ, ತಟ್ಟೆಯಿಂದ ತಲೆಯೆತ್ತದೆ. ಆಮೇಲೆ ನನ್ನತ್ತ ತಿರುಗಿದರು. "ಒಗರಿರೋದೆಲ್ಲ ಕಪ್ಪಾಯ್ತದೆ ಅಂತ ನೀನೇ ತಾನೆ ಯೋಳಿದ್ದು? ಬಸ್ಸಾರಿನ ಉಳ್ಳಿಕಾಳು ಒಗರಲ್ವೇನವ್ವ? ಆ ಲೋಟ ನೋಡಿದಾಗ್ಲೇ ನಂಗೆ ಗೊತ್ತಾಯ್ತು. ಸೊಸೆ ಮಾನ ಉಳೀಲಿ ಅಂತ ಪೈಪು ಬ್ಯಾಡ ಅಂದೆ. ನೀ ಎಲ್ಲಿ ಕೇಳ್ದೆ?"

ಎಂಬತ್ತೊಂದು ಅಂಕಗಳು ಒಂದೊಂದಾಗಿ ಎದ್ದು ಹಿತ್ತಲ ಬಾಗಿಲಿನಿಂದ ಹೊರಟುಹೋದವು.

ಅತ್ತೆ ಕೈ ಚಾಚಿದರು. ನಾನು ಸೌಟು ಕೊಟ್ಟೆ. ಅವರು ಅದನ್ನು ಸೆರಗಿನಲ್ಲಿ ಒರೆಸಿ, ತಮ್ಮ ಹಳೆಯ ಮೊಳೆಗೆ ತೂಗುಹಾಕಿ, ಬಿಂದಿಗೆ ಎತ್ತಿಕೊಂಡು ಬೋರಿಂಗಿನ ಕಡೆ ಹೊರಟರು. ಹೊಸ ನಲ್ಲಿಯ ನೀರು ಅವರಿಗೆ ಪ್ಲಾಸ್ಟಿಕ್ಕಿನ ವಾಸನೆಯಂತೆ.

ಅವರು ಅತ್ತ ಮರೆಯಾಗುತ್ತಲೇ ಮಂಚಮ್ಮ ನನ್ನ ಕಿವಿಯ ಬಳಿ ಬಾಗಿದರು.

"ಅಳಬ್ಯಾಡ ಕಣವ್ವ. ಬೂಕನಕೆರೇಲಿ ನಮ್ದಿನ್ನೂ ಅಳೇ ಪೈಪೇ. ಸ್ವಾಮಾರ ಬಂದು ಬಸ್ಸಾರು ಮಾಡ್ಕೊಡು. ಸೌಟು ನಾನೇ ಕೊಡ್ತೀನಿ."